ಶಿವಲಿಂಗವ್ವನ ಎರಡು ರಿಪೋರ್ಟು

ಮೂವತ್ತು ವರ್ಷ ಹತ್ತಿ ವ್ಯಾಪಾರ ಮಾಡಿದ ಕುಬೇರಪ್ಪನಿಗೆ ವಾದ ಹೊಸದೇನಲ್ಲ. ಆದರೆ ಗೋಕುಲ ರಸ್ತೆಯ ಲ್ಯಾಬಿನ ಹುಡುಗಿ ಸೌಮ್ಯಾ ಅವನಿಗೆ ಸೋಲುವವಳಲ್ಲ. ಮೂರು ತಿಂಗಳಿಂದ ಪ್ರತಿ ಸೋಮವಾರ ಇಬ್ಬರದೂ ಅದೇ ಜಗಳ. ಕೊರೊನಾದ ಎರಡನೇ ಅಲೆಯಲ್ಲಿ ತೀರಿಕೊಂಡ ಹೆಂಡತಿ ಶಿವಲಿಂಗವ್ವನ ಹೆಸರಿಗೆ ಎರಡು ರಿಪೋರ್ಟು ಬಂದಿದ್ದವು. ಮೊದಲನೆಯದು ಪಾಸಿಟಿವ್. ಮಣ್ಣಾದ ಮರುದಿನ ಬಂದ ಎರಡನೆಯದು ನೆಗೆಟಿವ್.

"ಒಂದ ಅಂಡಿಗಿ ಮೂಟ್ಯಾಗಿನ ಹತ್ತಿ ಒಮ್ಮಿ ಛಲೋ, ಒಮ್ಮಿ ಕೆಟ್ಟದ್ದು ಆಗತೈತೇನ ತಂಗಿ?"

"ಕೈ ಎಲ್ಲಿ ಹಾಕ್ತೀರಿ ಅನ್ನೂದರ ಮ್ಯಾಲೈತ್ರಿ ಕಾಕಾ. ಕಡ್ಡಿ ಮೂಗಿನಾಗ ಸರಿಯಾಗಿ ಹೋಗಿರದಿದ್ರ, ವೈರಸ್ ಇದ್ರೂ ನೆಗೆಟಿವ್ ಬರತೈತಿ."

"ಹಂಗಾದ್ರ ಮೊದಲನೇದ ಖರೇ ಅನ್ನು."

"ಅದನ್ನೂ ಹೇಳಾಕ ಬರೂದಿಲ್ರಿ. ಆಗ ದಿನಾ ನೂರಾರು ಸ್ಯಾಂಪಲ್ ಬರತಿದ್ವು. ಒಂದರ ಹನಿ ಇನ್ನೊಂದಕ್ಕ ತಾಕಿದ್ರೂ ಪಾಸಿಟಿವ್ ತೋರಸತೈತಿ."

ಮೊದಲನೆಯದೇ ನಿಜವಾಗಬೇಕಿತ್ತು. ಕುಬೇರಪ್ಪನಿಗೆ ಬೇಕಾಗಿದ್ದು ಅದೊಂದೇ, ಮತ್ತು ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವನಿಗಿರಲಿಲ್ಲ. ಅವರ ಮನೆತನದಲ್ಲಿ ಸತ್ತವರನ್ನು ಕೂರಿಸಿ, ಜೀವಮಾನವೆಲ್ಲ ಕೊರಳಲ್ಲಿದ್ದ ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟು ಮಣ್ಣು ಮಾಡುತ್ತಾರೆ. ಶಿವಲಿಂಗವ್ವ ಪ್ಲಾಸ್ಟಿಕ್ ಚೀಲದಲ್ಲಿ ಮಲಗಿ ಹೋದಳು. ಅದಕ್ಕೆ ಸರಕಾರವನ್ನು ಬೈಯಬಹುದಿತ್ತು, ಬೈದನು ಕೂಡ. ಆದರೆ ಕುಣಿ ತೋಡಿದ ಬೀರಲಿಂಗ ಅಂದು ಒಂದು ಕಿಟ್ ತಂದು ಚಾಚಿದ್ದ. "ಇದನ್ನ ಹಾಕ್ಕೊಂಡು ಬರ್ರಿ ಸಾಹುಕಾರ್ರ. ಲಿಂಗ ನೀವ ಅವರ ಮ್ಯಾಲ ಇಡ್ರಿ. ಅಲ್ಲೀತನಕ ನಾವು ತಡೀತೇವಿ." ಕುಬೇರಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಮುಗಿಸಿಬಿಡಿ ಎಂದು ಕೈ ಮಾಡಿದ. ಲಿಂಗ ಅವನ ಕಿಸೆಯಲ್ಲೇ ಮನೆಗೆ ವಾಪಸು ಬಂತು.

ರೋಗವಿತ್ತು ಎಂದಾದರೆ ಅಂದು ಅಂಜಿದ್ದಕ್ಕೆ ಅರ್ಥವಿತ್ತು. ಇಲ್ಲವಾದರೆ ತನ್ನ ಹೆಂಡತಿಗೇ ಹೇಸಿ ನಿಂತ ಗಂಡ ಅವನು. ಮಕ್ಕಳಿರಲಿಲ್ಲ, ಈ ಮಾತನ್ನು ಯಾರ ಮುಂದೆ ಇಡಬೇಕು? ಮನೆಯಲ್ಲಿ ಫ್ಯಾನು ತಿರುಗುವ ಸದ್ದು ಕೇಳುತ್ತ ಸೋಮವಾರದ ದಾರಿ ಕಾಯುತ್ತಿದ್ದ.

ಪಾಪ, ಸೌಮ್ಯಾಗೆ ಇದೇನು ಗೊತ್ತು! ಈ ಸಲ ಅವಳು ಕೌಂಟರು ಬಿಟ್ಟು ಎದ್ದು ಬಂದು ಅವನ ಪಕ್ಕದಲ್ಲಿ ಕುಳಿತಳು. ದೊಡ್ಡ ಡಾಕ್ಟರಿಗೆ ಹತ್ತು ಸಲ ದುಂಬಾಲು ಬಿದ್ದು ಬರೆಸಿದ ಕಾಗದವನ್ನು ಅವನ ಕೈಗಿಟ್ಟಳು.

"ಮೊದಲನೇ ರಿಪೋರ್ಟ್ ತಪ್ಪಿರೂ ಸಾಧ್ಯತಾನ ಜಾಸ್ತಿ ಅಂತ ಬರದಾರ್ರಿ. ಕಾಕೂಗ ಆ ರೋಗ ಇರಲೇ ಇಲ್ಲ ಅನ್ಕೋರಿ. ಇನ್ನ ಸಮಾಧಾನ ಮಾಡ್ಕೋರಿ ಕಾಕಾ." ಹೇಳುವಾಗ ಅವಳ ಕಣ್ಣೂ ತುಂಬಿತ್ತು.

ಕುಬೇರಪ್ಪ ಕಾಗದ ನೋಡಿದ. ಅವಳ ಮುಖ ನೋಡಿದ. ಇಷ್ಟು ಅಕ್ಕರೆಯಿಂದ ಅವನಿಗಾಗಿ ಯಾರೂ ಏನೂ ಮಾಡಿರಲಿಲ್ಲ, ಶಿವಲಿಂಗವ್ವನ ನಂತರ.

"ಛಲೋ ಆತು ತಂಗಿ," ಎಂದ. "ಇನ್ನ ನಾ ಬರೂದಿಲ್ಲ."