ಬೆಳಿಗ್ಗೆ ಜ್ವರ ಇರಲಿಲ್ಲ

"ಬಾಯಿ ದೊಡ್ಡದು ಮಾಡು ಮಗಾ, ಚೆಲ್ತದೆ," ಎನ್ನುತ್ತ ನಿಖಿತಾ ಮದ್ದಿನ ಮುಚ್ಚಳವನ್ನು ಮಗಳ ತುಟಿಗೆ ಹಿಡಿದಳು. ಯೂನಿಫಾರ್ಮ್ ಹಾಕಿಕೊಂಡು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದ ಆರು ವರ್ಷದ ಸಾತ್ವಿಕಾ ಕಣ್ಣು ಮುಚ್ಚಿ ನುಂಗಿದಳು. ಅವಳ ಕುತ್ತಿಗೆ ಸುಡುತ್ತಿತ್ತು. ಹೊರಗಿನ ಕೋಣೆಯಲ್ಲಿ ಎರಡು ವರ್ಷದ ಶೋಧನ್ ನೀರ್ದೋಸೆಯನ್ನು ಚೂರು ಮಾಡಿ ಒಂದೊಂದಾಗಿ ಟಿ.ವಿ.ಗೆ ಅಂಟಿಸುತ್ತಿದ್ದ.

"ಶಾಲೆಗೆ ಹೋಗ್ಲೇಬೇಕಾ ಅಮ್ಮ?"

"ಇವತ್ತೊಂದು ದಿನ ಹೋಗು. ಮದ್ದು ಕುಡಿದಾಯ್ತಲ್ಲ, ಶಾಲೆ ಮುಟ್ಟುವಾಗ ಕಡಿಮೆ ಆಗ್ತದೆ." ಆಮೇಲೆ ನಿಖಿತಾ ದನಿ ತಗ್ಗಿಸಿದಳು, ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ. "ಟೀಚರ್ ಕೇಳಿದ್ರೆ ಜ್ವರ ಇತ್ತು ಅಂತ ಹೇಳ್ಬೇಡ. ಮದ್ದು ಕುಡಿದದ್ದೂ ಹೇಳ್ಬಾರ್ದು. ವಾಪಸ್ ಕಳಿಸ್ತಾರೆ."

"ಪಪ್ಪನಿಗೆ?"

"ಯಾರಿಗೂ ಬೇಡ. ಪ್ರಾಮಿಸ್?"

ಸಾತ್ವಿಕಾ ಅಂಗೈ ಚಾಚಿದಳು. ಅದೂ ಬಿಸಿಯಿತ್ತು. ವ್ಯಾನಿನ ಹಾರ್ನ್ ಕೇಳಿಸಿತು.

ಆ ವಾರ ಶುರುವಾದದ್ದೇ ಸರಿಯಿರಲಿಲ್ಲ. ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಅತ್ತೆ, ತಮ್ಮ ಮಗಳ ಬಾಣಂತನಕ್ಕೆಂದು ಮೂಡಬಿದಿರೆಗೆ ಹೋಗಿದ್ದರು. ಗಂಡ ಅಶ್ವಿತ್‌ನದು ಕ್ಯಾಟರಿಂಗ್ ಕೆಲಸ; ಮದುವೆಗಳ ತಿಂಗಳಾದ್ದರಿಂದ ಇಂದು ಬೆಳ್ತಂಗಡಿ, ನಾಳೆ ಶಿರ್ತಾಡಿ ಎಂದು ಬೆಳಕು ಹರಿಯುವ ಮೊದಲೇ ಪಾತ್ರೆಗಳ ಜೊತೆ ಟೆಂಪೋ ಹತ್ತುತ್ತಿದ್ದ. ಸೋಮವಾರ ಶೋಧನ್ ಹಾಸಿಗೆ ತುಂಬ ವಾಂತಿ ಮಾಡಿದ. ಮಂಗಳವಾರ ಸ್ಕೂಲ್ ಡೇ ನೃತ್ಯಕ್ಕೆ ಹಳದಿ ಲಂಗ ಬೇಕೆಂದು ಸಾತ್ವಿಕಾ ಅತ್ತಳು. ಕೆಲಸ ಮುಗಿಸಿ ಬಂದ ನಿಖಿತಾ ಪುಂಜಾಲಕಟ್ಟೆಯ ಅಂಗಡಿಗಳಲ್ಲಿ ಹುಡುಕಿ, ಸಿಗದೆ, ತನ್ನದೊಂದು ಹಳೆಯ ಸೀರೆಯನ್ನೇ ಕತ್ತರಿಸಿ ಹೊಲಿದಳು. ಅವಳು ಉಜಿರೆಯ ಖಾಸಗಿ ಕಾಲೇಜೊಂದರ ಆಫೀಸಿನಲ್ಲಿ ಕ್ಲಾರ್ಕು. ಗುರುವಾರ ಅಲ್ಲಿಗೆ ತಪಾಸಣೆಯ ತಂಡ ಬರುವುದಿತ್ತು, ಅದಕ್ಕೆ ಮೊದಲು ಫೈಲುಗಳೆಲ್ಲ ಸಿದ್ಧವಾಗಬೇಕಿತ್ತು. ಶೋಧನ್‌ನ ವಾಂತಿಗೆಂದು ಸೋಮವಾರ ರಜೆ ಹಾಕಿ ಮರುದಿನ ಹೋದಾಗ ಸೂಪರಿಂಟೆಂಡೆಂಟರು ಅವಳಿಗೆ ಏನೂ ಹೇಳಿರಲಿಲ್ಲ. ಪಕ್ಕದ ಮೇಜಿನವರಿಗೆ ಮಾತ್ರ, ಅವಳಿಗೂ ಕೇಳುವಂತೆ, "ಇನ್ನು ಮುಂದೆ ಮಕ್ಕಳು ದೊಡ್ಡವರಾದ ಮೇಲೆಯೇ ಹೆಂಗಸರನ್ನು ಕೆಲಸಕ್ಕೆ ತಗೊಳ್ಬೇಕು ಮಾರಾಯ್ರೆ," ಎಂದು ನಕ್ಕಿದ್ದರು. ಆ ನಗು ಅವಳ ಕಿವಿಯಿಂದ ಹೋಗಿರಲಿಲ್ಲ.

ಮದ್ದು ಕುಡಿಸಿದ ಆ ಬುಧವಾರ, ಸಾತ್ವಿಕಾಳ ವ್ಯಾನು ಹೊರಟ ಮೇಲೆ, ಶೋಧನ್‌ನನ್ನು ಪಕ್ಕದ ಮನೆಯ ಶಮ್ನಾಳ ಸೊಂಟಕ್ಕೆ ದಾಟಿಸಿ ಅವಳು ಬಸ್ಸಿಗೆ ಓಡಿದಳು. ಮಧ್ಯಾಹ್ನ, ಊಟದ ಡಬ್ಬಿ ತೆರೆಯುವ ಹೊತ್ತಿಗೆ, ಶಾಲೆಯಿಂದ ಫೋನು ಬಂತು. ಡ್ಯಾನ್ಸ್ ಪ್ರಾಕ್ಟೀಸಿನಲ್ಲಿ ಸಾತ್ವಿಕಾ ವಾಂತಿ ಮಾಡಿ ಬಿದ್ದಿದ್ದಾಳೆ, ಕ್ಲಿನಿಕ್ಕಿಗೆ ಕರೆದುಕೊಂಡು ಬಂದಿದ್ದೇವೆ, ಬೇಗ ಬನ್ನಿ.

ಕ್ಲಿನಿಕ್ಕಿನ ಬೆಂಚಿನಲ್ಲಿ ಮುಖ್ಯೋಪಾಧ್ಯಾಯಿನಿ ಪದ್ಮಲತಾ ಕೂತಿದ್ದರು. ಅವರ ಪಕ್ಕ ಗೋಡೆಗೆ ಒರಗಿ ಒಂದನೇ ಕ್ಲಾಸಿನ ಟೀಚರ್ ಗ್ರೀಷ್ಮಾ ನಿಂತಿದ್ದಳು. ಈ ವರ್ಷವೇ ಕೆಲಸಕ್ಕೆ ಸೇರಿದ ಹುಡುಗಿ. ಚೂಡಿದಾರದ ಮೇಲೆ ಮಗುವಿನ ವಾಂತಿಯ ಕಲೆ ಇನ್ನೂ ಒದ್ದೆಯಾಗಿತ್ತು. ಒಳಗೆ ಮಂಚದ ಮೇಲೆ ಮಗಳು ಕಣ್ಣು ಬಿಟ್ಟುಕೊಂಡು ಮಲಗಿದ್ದಳು.

"ವೈರಲ್ ಫೀವರ್, ಹೆದರುವಂಥದ್ದು ಎಂತದೂ ಇಲ್ಲ," ಎಂದರು ಡಾಕ್ಟರು. "ನೂರ ಮೂರು ಉಂಟು. ಬೆಳಿಗ್ಗೆ ಎಂತಾದ್ರೂ ಮದ್ದು ಕೊಟ್ಟಿದ್ರಾ?"

ಬಾಗಿಲು ತೆರೆದೇ ಇತ್ತು. ಬೆಂಚಿನಲ್ಲಿದ್ದವರಿಗೆ ಎಲ್ಲವೂ ಕೇಳುತ್ತಿತ್ತು. ನಿಖಿತಾ ಮನಸ್ಸಿನಲ್ಲೇ ಗಂಟೆ ಲೆಕ್ಕ ಹಾಕಿದಳು. ಬೆಳಗಿನ ಮದ್ದಿಗೂ ಈಗಿನದಕ್ಕೂ ಸಾಕಷ್ಟು ಅಂತರವಿತ್ತು. ಮತ್ತೊಮ್ಮೆ ಕೊಟ್ಟರೂ ಮಗುವಿಗೆ ತೊಂದರೆಯಿಲ್ಲ. ಅಷ್ಟು ಲೆಕ್ಕ ಮುಗಿಸಿಯೇ ಅವಳು, "ಇಲ್ಲ ಡಾಕ್ಟ್ರೇ. ಬೆಳಿಗ್ಗೆ ಸರಿಯಾಗಿಯೇ ಇದ್ದಳು," ಎಂದಳು. ಹೇಳಿದ ಮೇಲೆ ಸುಮ್ಮನಿರಲಾಗಲಿಲ್ಲ. "ಈ ಬಿಸಿಲಲ್ಲಿ ಮಕ್ಕಳನ್ನು ಕುಣಿಸಿದ್ರೆ ಮತ್ತೆಂತ ಆಗ್ತದೆ?"

ಪದ್ಮಲತಾ ಎದ್ದು ಒಳಗೆ ಬಂದು ಮಂಚದ ಪಕ್ಕ ನಿಂತರು. "ಸಾತ್ವಿಕಾ, ಬೆಳಿಗ್ಗೆ ನಿನಗೆ ಜ್ವರ ಇತ್ತಾ?"

ಮಗಳು ಮೊದಲು ತಾಯಿಯ ಮುಖ ನೋಡಿದಳು. ಮನೆಯಲ್ಲಿ ತುಳುವಿನಲ್ಲೇ ಮಾತಾಡುವ ಹುಡುಗಿ, ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳುವ ಹಾಗೆ, ತಡವರಿಸದೆ, ಕನ್ನಡದಲ್ಲಿ ಪೂರ್ತಿ ವಾಕ್ಯ ಹೇಳಿದಳು: "ಇಲ್ಲ ಮೇಡಂ. ಬೆಳಿಗ್ಗೆ ನನಗೆ ಜ್ವರ ಇರಲಿಲ್ಲ."

ಪದ್ಮಲತಾ ಹೊರಗೆ ನಿಂತಿದ್ದ ಗ್ರೀಷ್ಮಾಳ ಕಡೆ ತಿರುಗಿ, "ಮಗುವಿನ ಮುಖ ನೋಡಿದ್ರೆ ಗೊತ್ತಾಗೋದಿಲ್ವಾ ನಿಮಗೆ? ಬಿಸಿಲು ಏರುವ ಮೊದಲೇ ಪ್ರಾಕ್ಟೀಸ್ ಮುಗಿಸಿ ಅಂತ ಎಷ್ಟು ಸಲ ಹೇಳಿದ್ದೇನೆ," ಎಂದರು. ಗ್ರೀಷ್ಮಾ, "ಸಾರಿ ಮೇಡಂ," ಎಂದಳು. ಮತ್ತೆ ನಿಖಿತಾಳ ಕಡೆ ನೋಡಿ, "ಸಾರಿ ಅಕ್ಕ," ಎಂದಳು.

ಗುರುವಾರ ನಿಖಿತಾ ಮನೆಯಲ್ಲೇ ಉಳಿದಳು. ಅವಳಿಲ್ಲದೆಯೂ ತಂಡ ಬಂತು, ಫೈಲು ನೋಡಿತು, ಊಟ ಮಾಡಿ ಹೋಯಿತು. ಹಿಂದಿನ ರಾತ್ರಿ ಮಗಳು ಮಲಗಿದ ಮೇಲೆ ಬಂದಿದ್ದ ಅಶ್ವಿತ್ ಸಂಜೆ ಮದುವೆಮನೆಯ ಪಾಯಸದ ಡಬ್ಬಿ ಹಿಡಿದು ಬಂದು, ಕೈಕಾಲು ತೊಳೆದು, ಮಗಳ ಹಾಸಿಗೆಯ ಬದಿ ಕೂತ. ನಿಖಿತಾ ಬಾಗಿಲಲ್ಲಿ ನಿಂತು ಬಟ್ಟೆ ಮಡಚುತ್ತಿದ್ದಳು.

"ಎಂತಾಯ್ತು ನನ್ನ ಪುಟ್ಟಿಗೆ?"

"ಬೆಳಿಗ್ಗೆ ಜ್ವರ ಇರ್ಲಿಲ್ಲ ಪಪ್ಪ. ಟೀಚರ್ ಬಿಸಿಲಲ್ಲಿ ನಿಲ್ಲಿಸಿದ್ರು." ಸಾತ್ವಿಕಾ ಸ್ವಲ್ಪ ಯೋಚಿಸಿದಳು. "ನೀರು ಕೇಳಿದೆ. ನೀರೂ ಕೊಡ್ಲಿಲ್ಲ."

ನೀರಿನ ಮಾತನ್ನು ನಿಖಿತಾ ಹೇಳಿಕೊಟ್ಟಿರಲಿಲ್ಲ. ಅವಳ ಕೈಯಲ್ಲಿದ್ದ ಟವೆಲು ಅರ್ಧ ಮಡಿಕೆಯಲ್ಲೇ ನಿಂತಿತು. ಅಶ್ವಿತ್ ಆಗಲೇ ಫೋನು ತೆಗೆದು ಶಾಲೆಯ ಹೆತ್ತವರ ವಾಟ್ಸಾಪ್ ಗ್ರೂಪಿನಲ್ಲಿ ಟೈಪ್ ಮಾಡತೊಡಗಿದ್ದ.

"ಬಿಡಿ, ಹೋಗ್ಲಿ," ಎಂದಳು ನಿಖಿತಾ.

"ಹೋಗ್ಲಿ ಅಂದ್ರೆ ಎಂತ? ಮಗುವಿಗೆ ಹೆಚ್ಚುಕಡಿಮೆ ಆಗಿದ್ರೆ?"

ಆಗ ಹೇಳಬಹುದಿತ್ತು. ಮಗಳು ಅವಳನ್ನೇ ನೋಡುತ್ತಿದ್ದಳು, ಚೆನ್ನಾಗಿ ಪಾಠ ಒಪ್ಪಿಸಿದ ಮುಖದಿಂದ. ನಿಖಿತಾ ಬಟ್ಟೆಯ ರಾಶಿಯನ್ನೆತ್ತಿಕೊಂಡು ಒಳಗೆ ಹೋದಳು. ಅಡುಗೆ ಆಗುವಷ್ಟರಲ್ಲಿ ಗ್ರೂಪು ತುಂಬಿತ್ತು. ಹೊಸ ಟೀಚರ್, ಅನುಭವ ಸಾಲದು. ನನ್ನ ಮಗನೂ ಬಾಯಾರಿ ಬರ್ತಾನೆ. ಇಂಥವರಿಗೆ ಸಣ್ಣ ಮಕ್ಕಳ ಕ್ಲಾಸು ಕೊಡಬಾರದು. ಕ್ರಮ ತಗೊಳ್ಳಿ.

ಶುಕ್ರವಾರವೂ ನಿಖಿತಾ ಕೆಲಸಕ್ಕೆ ಹೋಗಲಿಲ್ಲ. ಶಾಲೆ ಬಿಡುವ ಹೊತ್ತಿಗೆ ಗ್ರೀಷ್ಮಾಳ ಫೋನು ಬಂತು. ಶೋಧನ್ ಕಾಲಿಗೆ ತೊಡರಿಕೊಂಡು ಅಳುತ್ತಿದ್ದ. ನಿಖಿತಾ ಅವನನ್ನೆತ್ತಿಕೊಂಡೇ ಮಾತಾಡಿದಳು.

"ಅಕ್ಕ, ಸಾತ್ವಿಕಾ ಹೇಗಿದ್ದಾಳೆ?"

"ಈಗ ಅಡ್ಡಿಲ್ಲ."

"ಡ್ಯಾನ್ಸ್ ಬೇರೆ ಟೀಚರಿಗೆ ಕೊಟ್ರು. ಅದು ಪರವಾಗಿಲ್ಲ. ನಾನು ನೀರು ಕೊಟ್ಟಿದ್ದೆ ಅಕ್ಕ. ಎಲ್ಲರಿಗೂ ಕೊಟ್ಟಿದ್ದೆ. ಅವಳ ಬಾಟಲಿಯ ಮುಚ್ಚಳ ಬಿಗಿ ಇತ್ತು, ನಾನೇ ತೆಗೆದುಕೊಟ್ಟೆ ಅಂತ ನೆನಪು. ಆದ್ರೆ ಮಗು ಸುಳ್ಳು ಹೇಳ್ಲಿಕ್ಕಿಲ್ಲ ಅಲ್ವಾ? ಅದು ಹಿಂದಿನ ದಿನವೋ ಏನೋ. ನಿನ್ನೆಯಿಂದ ಯೋಚನೆ ಮಾಡಿ ಮಾಡಿ ನನಗೇ ಡೌಟು ಬಂದಿದೆ."

"ಇರ್ಲಿ, ಆಯ್ತು," ಎಂದಷ್ಟೇ ಹೇಳಿ ನಿಖಿತಾ ಫೋನಿಟ್ಟಳು. ಮತ್ತೆ ಬಹಳ ಹೊತ್ತು ಅಳುವ ಮಗುವನ್ನು ತಟ್ಟುತ್ತ ಅಡುಗೆಮನೆಯಲ್ಲಿ ನಿಂತೇ ಇದ್ದಳು. ಮಗು ಸುಮ್ಮನಾದದ್ದು ಅವಳಿಗೆ ತಿಳಿಯಲಿಲ್ಲ.

ಅಶ್ವಿತ್ ಮನೆಗೆ ಬಂದದ್ದೇ ಅವಳು ಎಲ್ಲವನ್ನೂ ಹೇಳಿಬಿಟ್ಟಳು. ಅವನು ಅಂಗಿಯ ಗುಂಡಿ ಬಿಚ್ಚುತ್ತಿದ್ದವನು ಹಾಗೇ ಕೂತ.

"ಮೊದಲೇ ನನಗೆ ಹೇಳ್ಬಾರ್ದಿತ್ತಾ?"

"ಬುಧವಾರ ಬೆಳಿಗ್ಗೆ ಫೋನ್ ಮಾಡಿದ್ದೆ. ನೀವು ತೆಗೀಲಿಲ್ಲ."

ಅವನು ಬಿಚ್ಚಿದ್ದ ಗುಂಡಿಯನ್ನು ಮತ್ತೆ ಹಾಕಿಕೊಳ್ಳುತ್ತ, "ಈಗ ಹೇಳಿದ್ರೆ ನಮ್ಮ ಮರ್ಯಾದೆ ಎಂತ ಆಗ್ತದೆ ನಿಖಿತಾ? ಗ್ರೂಪಿನಲ್ಲಿ ಹಾಕಿದ್ದು ನಾನು. ನಾಲ್ಕು ದಿನ ಹೋದ್ರೆ ಎಲ್ಲರೂ ಮರೀತಾರೆ," ಎಂದ.

"ಆ ಹುಡುಗಿ ಮರೆಯೋದಿಲ್ಲ," ಎಂದಳು ನಿಖಿತಾ. ಯಾವ ಹುಡುಗಿ ಎಂದು ಅವನು ಕೇಳಲಿಲ್ಲ.

ಶನಿವಾರ ಅವಳು ಸಾತ್ವಿಕಾಳನ್ನೂ ಕರೆದುಕೊಂಡು ಶಾಲೆಗೆ ಹೋದಳು. ಜ್ವರ ಬಿಟ್ಟಿತ್ತು, ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇರಲಿಲ್ಲ. ಶೋಧನ್ ಆಗಲೇ ಶಮ್ನಾಳ ಬಳಿ ಇದ್ದ; ಎರಡೂ ಮಕ್ಕಳನ್ನು ಅವಳಿಗೆ ಒಪ್ಪಿಸಲು ನಾಚಿಕೆಯಾಗಿತ್ತು. ಪದ್ಮಲತಾರ ಕೋಣೆಯಲ್ಲಿ ಅವಳು ಕುರ್ಚಿಯ ಅಂಚಿನಲ್ಲಿ ಕೂತಳು.

"ಮೇಡಂ, ಬುಧವಾರ ಬೆಳಿಗ್ಗೆ ಮನೆಯಲ್ಲೇ ಇವಳಿಗೆ ಜ್ವರ ಇತ್ತು..."

"ಇಲ್ಲ ಮೇಡಂ," ಎಂದಳು ಪಕ್ಕದಲ್ಲಿ ನಿಂತಿದ್ದ ಸಾತ್ವಿಕಾ, ಗಾಬರಿಯಿಂದ, ತಾಯಿಯ ಮಾತು ಮುಗಿಯುವ ಮೊದಲೇ. "ಬೆಳಿಗ್ಗೆ ನನಗೆ ಜ್ವರ ಇರಲಿಲ್ಲ."

"ಇತ್ತು ಮಗಾ."

"ಇರ್ಲಿಲ್ಲ ಅಮ್ಮ!" ಅವಳು ತಾಯಿಯ ಸೆರಗು ಹಿಡಿದು ಎಳೆದಳು. ಅಮ್ಮ ಮರೆತು ತಪ್ಪು ಹೇಳುತ್ತಿದ್ದಾಳೆ, ತಾನು ಕಾಪಾಡಬೇಕು ಎಂಬಂತೆ.

"ಇತ್ತು. ನಾನೇ ಮದ್ದು ಕುಡಿಸಿ ಕಳಿಸಿದ್ದು. ಹೇಳ್ಬಾರ್ದು ಅಂತ ಅವಳಿಗೆ ಕಲಿಸಿದ್ದೂ ನಾನೇ."

ಪದ್ಮಲತಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಎಂದು ನಿಖಿತಾಳಿಗೆ ಅನಿಸಿತು. ಅವರು ಗ್ರೀಷ್ಮಾಳನ್ನು ಕರೆಸಿದರು. ನಿಖಿತಾ ಎದ್ದು ನಿಂತು ಅದನ್ನೇ ಇನ್ನೊಮ್ಮೆ ಹೇಳಿದಳು. ಗ್ರೀಷ್ಮಾ ನಿಖಿತಾಳನ್ನು ನೋಡಲಿಲ್ಲ. ಬಾಗಿಲ ಚೌಕಟ್ಟಿಗೆ ಕೈ ಆನಿಸಿಕೊಂಡು ಬಗ್ಗಿ, ಸಾತ್ವಿಕಾಳಿಗೆ, "ನೀರು?" ಎಂದಳು.

ಸಾತ್ವಿಕಾ ತಲೆ ತಗ್ಗಿಸಿದಳು. "ಮುಚ್ಚಳ ತೆಗೆದುಕೊಟ್ರಿ ಟೀಚರ್."

"ಅಂದ್ರೆ ನಾನು ಕೊಟ್ಟಿದ್ದೆ," ಎಂದಳು ಗ್ರೀಷ್ಮಾ, ಯಾರಿಗೂ ಅಲ್ಲ ಎಂಬಂತೆ. ಕ್ಲಾಸಿನಲ್ಲಿ ಮಕ್ಕಳಿದ್ದಾರೆಂದು ಹೇಳಿ ಹೋಗಿಬಿಟ್ಟಳು. ನಿಖಿತಾಳ ಬಾಯಲ್ಲಿದ್ದ ಕ್ಷಮೆಯ ಮಾತು ಅಲ್ಲೇ ಉಳಿಯಿತು.

"ಗ್ರೂಪಿನಲ್ಲಿ ನೀವೇ ಬರೆದ್ರೆ ಒಳ್ಳೆಯದು," ಎಂದರು ಪದ್ಮಲತಾ.

ಶಾಲೆಯ ಜಗಲಿಯಲ್ಲಿ ನಿಂತು ಅವಳು ಬರೆದಳು. ಬರೆದು ಅಳಿಸಿದಳು. "ಕೆಲಸದ ಒತ್ತಡದಿಂದ" ಎಂಬ ಮಾತನ್ನು ಎರಡು ಸಲ ಹಾಕಿ ಎರಡು ಸಲವೂ ತೆಗೆದಳು. ಕೊನೆಗೆ, ಮಗುವಿಗೆ ಜ್ವರವಿದ್ದದ್ದು ನನಗೆ ಗೊತ್ತಿತ್ತು, ಟೀಚರ್ ನೀರು ಕೊಟ್ಟಿದ್ದರು, ನಾವು ಹೇಳಿದ್ದು ಸುಳ್ಳು ಎಂದಷ್ಟೇ ಬರೆದು ಕಳಿಸಿದಳು. ಯಾರು ಓದಿದರೆಂದು ನೋಡದೆ ಫೋನನ್ನು ಬ್ಯಾಗಿಗೆ ಹಾಕಿದಳು.

ಗೇಟಿನ ಹೊರಗೆ ಬಂದ ಮೇಲೆ ಸಾತ್ವಿಕಾ ಮಾತಾಡಿದಳು.

"ನಾನು ಯಾರಿಗೂ ಹೇಳ್ಲಿಲ್ಲ. ಪಪ್ಪನಿಗೂ ಹೇಳ್ಲಿಲ್ಲ."

"ಗೊತ್ತು ಮಗಾ."

"ನೀನೇ ಹೇಳಿದ್ದು."

"ಹೌದು. ನಾನು ನಿನಗೆ ಹಾಗೆ ಕಲಿಸ್ಬಾರ್ದಿತ್ತು."

ಸಾತ್ವಿಕಾಳಿಗೆ ಅದು ಉತ್ತರವೆಂದು ಅನಿಸಿದ ಹಾಗೆ ಕಾಣಲಿಲ್ಲ. ಮುಖ ಬಿಗಿದುಕೊಂಡು ಮುಂದೆ ನಡೆದಳು. ರಸ್ತೆ ದಾಟುವಲ್ಲಿ ಬೆಳ್ತಂಗಡಿಯ ಕಡೆಯಿಂದ ಬಸ್ಸೊಂದು ಹಾರ್ನ್ ಹಾಕುತ್ತ ಬರುತ್ತಿತ್ತು. ನಿಖಿತಾ ಕೈ ಚಾಚಿದಳು. ಮಗಳು ತಾಯಿಯ ಪಕ್ಕಕ್ಕೆ ಬಂದು ನಿಂತಳು. ಕೈ ಮಾತ್ರ ಕೊಡಲಿಲ್ಲ. ತನ್ನ ಎಡಗೈಯನ್ನು ತಾನೇ ಬಲಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡು, ಬಸ್ಸು ಹೋಗಲೆಂದು ಕಾದಳು.