ಸುಂಟರವೀರನ ಹಸಿರು ರೆಕ್ಕೆ

ನೀಲವ್ವ ಬಟ್ಟೆಯ ಅಂಚು ಮಡಚಿ ಸೂಜಿ ಹಾಕುತ್ತಿದ್ದಳು. ಆ ಅಂಚು ನನ್ನದು. ನಾನು ಒಂದು ರೆಕ್ಕೆ; ಕುತ್ತಿಗೆಗೆ ಕಟ್ಟಿಕೊಂಡು ಬೆನ್ನ ಮೇಲೆ ಇಳಿಬಿಡುವ ಬಟ್ಟೆಯ ರೆಕ್ಕೆ. ಬೆಟಗೇರಿಯ ನೇಕಾರರ ಓಣಿಯಲ್ಲಿ, ರವಿಕೆ ಹೊಲಿದು ಉಳಿದ ತುಂಡುಗಳಿಂದ ಹುಟ್ಟಿದೆ.

ಆಗ ಟಿವಿಯಲ್ಲಿ ಭಾನುವಾರ ಸುಂಟರವೀರನ ಕಾರ್ಟೂನು ಬರುತ್ತಿತ್ತು. ಅವನು ಹಾರುವ ಹೊತ್ತಿಗೆ ಓಣಿಯ ಮಕ್ಕಳೆಲ್ಲ ನೀಲವ್ವನ ಮನೆಯಲ್ಲಿ. ಓಣಿಗೆಲ್ಲ ಇದ್ದದ್ದು ಅವಳ ಕಪ್ಪು-ಬಿಳುಪು ಟಿವಿ ಒಂದೇ. ಮಗಳು ಸುವರ್ಣಾ ತನಗೂ ಅವನಂಥ ರೆಕ್ಕೆ ಬೇಕೆಂದು ಹಟ ಹಿಡಿದಾಗ ಯಾವ ಬಣ್ಣ ಎಂಬ ಪ್ರಶ್ನೆ ಎದ್ದಿತು.

"ನನ್ನ ಮದುವಿ ಫೋಟೋ ನೋಡು. ಹಸರ ಸೀರಿ ಹಿಂಗs ಕಪ್ಪಗ ಬಂದೈತಿ. ಇವಂದೂ ಹಸರನs" ಎಂದು ನೀಲವ್ವ ತೀರ್ಪು ಕೊಟ್ಟಳು.

ಮರುವಾರ ಓಣಿಯ ತುಂಬ ಹಸಿರು ರೆಕ್ಕೆಗಳು. ಅಂಗಡಿಗೆ ಕೆಂಪು ರೆಕ್ಕೆಯ ಸುಂಟರವೀರನ ಸ್ಟಿಕ್ಕರು ಬಂದಾಗ ಮಕ್ಕಳು ನಕ್ಕೇ ನಕ್ಕವು. "ಕಾಕಾ, ನಿಮಗ ಯಾರೋ ಡೂಪ್ಲಿಕೇಟ್ ಮಾಲ ಕೊಟ್ಟಾರ!"

ಶಾಲೆಯಲ್ಲಿ ಬಾಯಿ ಬಿಡದ ಸುವರ್ಣಾ ನನ್ನನ್ನು ಕಟ್ಟಿಕೊಂಡರೆ ಜಗಲಿಯಿಂದ ಹಾರಿ ಗುಡುಗುತ್ತಿದ್ದಳು. ಆಮೇಲೆ ಕಾರ್ಟೂನು ನಿಂತಿತು. ಅವಳು ಶಾಲೆ ಬಿಟ್ಟು ಹೊಲಿಗೆಗೆ ಕೂತಳು. ನಾನು ಹೊಲಿಗೆ ಯಂತ್ರದ ಮುಸುಕಾದೆ. ಹಗಲೆಲ್ಲ ಮಡಚಿದ ಬಾಳು, ಆದರೂ ಅವಳ ಹತ್ತಿರವೇ ಇದ್ದೆ.

ಮೊನ್ನೆ ಅವಳ ಅಣ್ಣನ ಮಗಳು ಪ್ರಾರ್ಥನಾ ಬಂದಳು. ಶಾಲೆಯಲ್ಲಿ ವೇಷದ ಸ್ಪರ್ಧೆಯಂತೆ. ಅತ್ತೆ ಸೊಸೆ ಸೇರಿ ಮೊಬೈಲಿನಲ್ಲಿ ಸುಂಟರವೀರನನ್ನು ಹುಡುಕಿದರು. ಸಿಕ್ಕ. ರೆಕ್ಕೆ ದಾಸವಾಳದಷ್ಟು ಕೆಂಪು! ಹಾರುವಾಗೆಲ್ಲ ಅದೇ ಗುಡ್ಡ, ಅದೇ ಮೋಡ. ಖಳ ಪ್ರತಿ ಸಲವೂ ಬೀಳುವುದು ಅದೇ ಗುಂಡಿಗೆ. ಸುವರ್ಣಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ತನ್ನ ಹಳೆಯ ರೆಕ್ಕೆಯೆಂದು ನನ್ನನ್ನು ತೆಗೆದು ತೋರಿಸಿದಳು.

"ಅತ್ತೀ, ಇದು ತಪ್ಪ ಬಣ್ಣ. ಕೆಂಪಂದು ಹೊಲಿ. ಇದನ್ನ ನೆಲಾ ಒರಸಾಕ ಹರಕೋ" ಎಂದಳು ಹುಡುಗಿ.

ಸುವರ್ಣಾ ಕತ್ತರಿ ತೆಗೆದುಕೊಂಡಳು. ಅವ್ವ ಹೊಲಿದ ಅಂಚಿನವರೆಗೆ ಬಂದ ಕತ್ತರಿ ಅಲ್ಲೇ ನಿಂತಿತು. ಅವಳು ಅದನ್ನು ಕೆಳಗಿಟ್ಟು ನನ್ನನ್ನು ತನ್ನ ಕುತ್ತಿಗೆಗೇ ಕಟ್ಟಿಕೊಂಡಳು.

"ನಮ್ಮ ಓಣ್ಯಾಗ ಅಂವಾ ಹಸರs ಇದ್ದ. ತಡಿ, ತೋರಸ್ತೀನಿ."

ಜಗಲಿಯಿಂದ ಹಾರಿಯೇಬಿಟ್ಟಳು. ಸೈಕಲ್ಲಿನವನೊಬ್ಬ ಬ್ರೇಕು ಹಾಕಿದ. "ಸುವರ್ಣಕ್ಕಾ, ಏನಾತು?"

ಬೇರೆ ದಿನವಾಗಿದ್ದರೆ ಒಳಗೋಡುತ್ತಿದ್ದಳು. "ಏನಿಲ್ಲಪಾ, ಹಾರಾಕತ್ತೀನಿ" ಎಂದಳು.

"ನನಗ ಕಟ್ಟು, ನನಗ ಕಟ್ಟು!" ಪ್ರಾರ್ಥನಾ ಕುಣಿದಳು. ಕೆಂಪು ಅವಳಿಗೆ ಮರೆತೇ ಹೋಯಿತು.

ಸ್ಪರ್ಧೆಗೆ ಹೋದವನು ನಾನೇ. ಬಹುಮಾನ ಬರಲಿಲ್ಲ, ಹೊಲಿಗೆ ಒಂದೆಡೆ ಬಿಟ್ಟುಕೊಂಡು ಬಂದೆ. ಈಗ ಗೋಡೆಯ ಮೊಳೆಗೆ ತೂಗುತ್ತಿದ್ದೇನೆ. ತಪ್ಪು ಬಣ್ಣದವನೆಂದು ಎಲ್ಲರಿಗೂ ಗೊತ್ತಾದ ಮೇಲೆ ಮೈ ಹಗುರಾಗಿದೆ.

"ಸುವರ್ಣಾ, ಸಂಜೆ ನೀನೇ ಇನ್ನೊಮ್ಮೆ ನನ್ನನ್ನು ಕಟ್ಟಿಕೋ" ಎಂದೆ.

ಬಟ್ಟೆಯ ಮಾತು ಅವಳಿಗೆ ಕೇಳಿಸುವುದೆಲ್ಲಿ, ಹೊಲಿಗೆ ಯಂತ್ರ ಓಡುತ್ತಲೇ ಇತ್ತು.