ಮಾತು ಕೇಳುವ ನೀರು

ದೇವಿಂದ್ರ ಹೆಣಕ್ಕೆಂದು ತೋಡಿದ ಕುಣಿಯೊಳಗೆ ನಿಂತು ಬಕೀಟು ತುಂಬಿ ತುಂಬಿ ಮೇಲೆ ಕೊಡುತ್ತಿದ್ದ, ಮೇಲಿದ್ದವರು ಅದನ್ನು ಗದ್ದೆಗೆ ಚೆಲ್ಲುತ್ತಿದ್ದರು. ಎಷ್ಟು ಚೆಲ್ಲಿದರೂ ನೀರು ಮತ್ತೆ ಅವನ ಕಣಕಾಲಿಗೆ ಬಂದು ನಿಲ್ಲುತ್ತಿತ್ತು.

ಭೀಮಾಬಾಯಿ ಅಲ್ಲಿಗೆ ಬರಬಾರದಿತ್ತು. ಗಂಡನ ಹೆಣವನ್ನು ಅಂಗಳದಲ್ಲಿ ಕೂರಿಸಿ ಭಜನೆ ಹಚ್ಚಿರುವಾಗ ಹೆಂಡತಿಯಾದವಳು ಎದ್ದು ಹೊಲದ ಹಾದಿ ಹಿಡಿಯುವುದುಂಟೇ? ಆದರೆ ಕುಣಿಯಲ್ಲಿ ನೀರು ಬಂದಿದೆಯಂತೆ ಎಂಬ ಪಿಸುಮಾತು ಕಿವಿಗೆ ಬಿದ್ದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಊರ ಬಾಯಿಗೆ ಬೀಗ ಹಾಕುವವರಾರು, ಅಂದುಕೊಳ್ಳುವವರು ಅಂದುಕೊಳ್ಳಲಿ ಎಂದು ಸೆರಗು ಬಿಗಿದು ಬಂದೇಬಿಟ್ಟಿದ್ದಳು.

"ನೀ ಯಾಕ ಬಂದಿ ಯವ್ವಾ ಇಲ್ಲಿಗಿ?" ಎಂದ ಮಹಾದೇವಪ್ಪ. ಸತ್ತ ಶಾಂತಪ್ಪನಿಗೆ ಅಣ್ಣ, ದೇವಿಂದ್ರನಿಗೆ ಅಪ್ಪ. "ಜರಾ ಜಲ ಅದ, ಅಷ್ಟ. ಉಪ್ಪು, ವಿಭೂತಿ ಸುರುವಿದ್ರ ಕುಡದುಬಿಡ್ತದ."

"ಭಾವಾರ, ಅದು ನೆಲದ ಜಲ ಅಲ್ರಿ. ಕಾಲುವಿ ನೀರು ಬಸಿದು ಬಂದದ್ದು."

"ಏನರ ಇರ್ಲಿ. ಅಪ್ಪನ್ನ ಇಲ್ಲೇ ಮಣ್ಣು ಮಾಡೀವಿ, ಅವ್ವನ್ನ ಇಲ್ಲೇ ಮಾಡೀವಿ. ಅವತ್ತು ಆಳುದ್ದ ತಗದ್ರೂ ಒಂದ್ ಹನಿ ಕಂಡಿದ್ದಿಲ್ಲ."

ಅವತ್ತು ಅಂದರೆ ಕಾಲುವೆ ಬರುವುದಕ್ಕೆ ಮುಂಚೆ. ಆಗ ಇದು ಜೋಳದ ಹೊಲ. ಕಾಲುವೆ ಬಂದು ಭತ್ತದ ಗದ್ದೆಯಾದ ಮೇಲೆ ಈ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಹಾಗಾಗಿ ನೆಲದ ಹೊಟ್ಟೆಯೊಳಗೆ ಏನಾಗಿದೆ ಎಂದು ಅಗೆದು ನೋಡುವ ಪ್ರಸಂಗವೇ ಬಂದಿರಲಿಲ್ಲ.

ಭೀಮಾಬಾಯಿ ಸೂರ್ಯನ ಕಡೆ ನೋಡಿದಳು. ಮಧ್ಯಾಹ್ನ ಹೊರಳಿತ್ತು. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು.

"ಎಂಜಿನ್ ತಂದು ನೀರು ಎತ್ತೂಣೇನು?" ಎಂದು ಯಾರೋ ಕೇಳಿದರು.

"ದೊಡ್ಡ ಎಂಜಿನ್ ಇಷ್ಟು ನೀರಿಗಿ ಗಾಳಿ ಹಿಡೀತದ್ರಿ," ಎಂದ ಉಸ್ಮಾನಸಾಬ. ಶಹಾಪುರದಲ್ಲಿ ಬ್ಯಾಟರಿ ಅಂಗಡಿ ಇಟ್ಟವನು, ಶಾಂತಪ್ಪನ ಜೀವದ ಗೆಳೆಯ. ಅತ್ತು ಅತ್ತು ಕಣ್ಣು ಊದಿದ್ದವು. "ಶಾಂತಪ್ಪನ ಗಾಡ್ಯಾಗಿನ ಪಂಪು ಅದಲ್ಲ, ಅದು ತಳದ ನೀರೂ ಬಿಡಲ್ಲ. ತರ್ಲೇನ್ರಿ ವೈನಿ?"

"ಆ ಆಟಿಗಿ ಸಾಮಾನೇನು?" ಎಂದು ಮಹಾದೇವಪ್ಪ ಮುಖ ಸಿಂಡರಿಸಿದ.

"ತರ್ರಿ," ಎಂದಳು ಭೀಮಾಬಾಯಿ.

* * *

ಆ ಆಟಿಕೆ ಸಾಮಾನು ಜೋಡಿಸುವಾಗ ಟಾರ್ಚು ಹಿಡಿದವಳು ಅವಳೇ. ಶಾಂತಪ್ಪ ಶಹಾಪುರದಿಂದ ಹಳೆಯ ಮೆಟಡೋರ್ ಒಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿ, ಇದರಲ್ಲೇ ಉಂಡು ಇದರಲ್ಲೇ ಮಲಗಿ ಊರೂರು ತಿರುಗೋಣ ಎಂದಾಗ ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತ್ತು. ಅರವತ್ತಕ್ಕೆ ಅರಳು ಮರಳು ಎಂಬುದು ಸುಳ್ಳಲ್ಲ ಎಂದಿದ್ದ ಅಣ್ಣ.

ಸೀಟಿನ ಕೆಳಗೆ ನೀರಿನ ನೀಲಿ ಡ್ರಮ್ಮು ಕೂತಿತು. ಬೆಳೆಗೆ ಔಷಧ ಹೊಡೆಯುವ ಯಂತ್ರಕ್ಕೆ ಹಾಕುವಂಥ ಪುಟ್ಟ ಪಂಪು, ಅದಕ್ಕೊಂದು ಪೈಪು, ಪೈಪಿನ ತುದಿಗೊಂದು ನಳ. ನೆತ್ತಿಯ ಮೇಲೆ ಸೋಲಾರ್ ಪ್ಲೇಟು, ಒಳಗೆ ಒಂದು ದೀಪ, ಒಂದು ಫ್ಯಾನು. ವೈರು ಎಳೆದವನು ಉಸ್ಮಾನಸಾಬ.

"ಎಂಜಿನ್ ಬ್ಯಾಟರಿ ಬ್ಯಾರೆ, ಮನಿ ಬ್ಯಾಟರಿ ಬ್ಯಾರೆ ಇರ್ಲಿ," ಎಂದಿದ್ದ ಅವನು. "ಇಲ್ಲಂದ್ರ ರಾತ್ರಿ ಫ್ಯಾನ್ ಹಚ್ಚಿ ಮಕ್ಕೊಂತೀರಿ, ಮುಂಜಾನಿ ವೈನಿ ಗಾಡಿ ನೂಕಬೇಕಾಗ್ತದ."

ಶಾಂತಪ್ಪನಿಗೆ ದೀಪ, ಫ್ಯಾನಿನ ಚಿಂತೆ ಇರಲಿಲ್ಲ. ಚಿಂತೆಯೆಲ್ಲ ನೀರಿನದು. ಗಾಡಿಯ ಕೆಳಗೆ ಅಂಗಾತ ಮಲಗಿ ಪೈಪಿನ ಒಂದೊಂದು ಜೋಡನ್ನೂ ಬೆರಳಿನಿಂದ ಮುಟ್ಟಿ ನೋಡುವನು. ತೇವ ಹತ್ತಿದರೆ ಮತ್ತೆ ಬಿಚ್ಚುವನು.

"ಬಿಡ್ರಿ, ಒಂದ್ ಹನಿ ಬಿದ್ರ ಏನಾಗ್ತದ?" ಎಂದು ಅವಳು ರೇಗಿದ್ದಳು.

"ಕಾಲುವಿ ಬಂದಾಗಿಂದ ಕೆಸರಾಗೇ ನಿಂತೀನಿ ಭೀಮಾ. ನಾಟಿ ಹಚ್ಚಿದಾಗಿಂದ ಕೊಯ್ಯೂತನ ಕಾಲು ಒಣಗಿದ್ದು ಗೊತ್ತಿಲ್ಲ. ಒಂದ್ ಸಲಾನರ ನೀರು ನನ್ನ ಮಾತು ಕೇಳ್ಲಿ. ಬಾ ಅಂದ್ರ ಬರಬೇಕು, ನಿಂದ್ರು ಅಂದ್ರ ನಿಂದರಬೇಕು."

ಸ್ವಿಚ್ಚು ಒತ್ತಿದ. ನೀರು ಬಂತು. ಮತ್ತೆ ಒತ್ತಿದ, ನಿಂತಿತು. ಆ ಸಂಜೆಯೆಲ್ಲ ಅದೇ ಕೆಲಸ.

ಮೊದಲ ಸಲ ಹೋಗಿದ್ದು ಸುರಪುರದ ಕಡೆ. ಗುಡ್ಡದ ಬಂಡೆ ನೆಲದ ಮೇಲೆ ಗಾಡಿ ನಿಲ್ಲಿಸಿ ಮಲಗಿದರು. ಬೆಳಿಗ್ಗೆ ಅವಳು ಚಹಾ ಕುದಿಸುತ್ತಿದ್ದಾಗ ಅವನು ಹಾಸಿಗೆಯ ಅಡಿಗೆ ಅಂಗೈ ಸೇರಿಸಿ, "ಎಷ್ಟು ಒಣಗೇದ ನೋಡು!" ಎಂದ. ಆಮೇಲೆ, "ಕಡೀಗಿ ನನ್ನ ನೀರಾಗ ಮಾತ್ರ ಕುಂದ್ರಿಸಬ್ಯಾಡ," ಎಂದ.

"ಹೂಂ, ಕುಂದ್ರಸಲ್ಲ, ಚಾ ತಗೋರಿ," ಎಂದಿದ್ದಳು. ನಗುತ್ತ ಕೊಟ್ಟ ಮಾತು. ಆದರೂ ಕೊಟ್ಟ ಮಾತು ಮಾತೇ.

* * *

ಉಸ್ಮಾನಸಾಬ ಗಾಡಿಯನ್ನು ಬದುವಿನತನಕ ತಂದು, ಪಂಪು ಬಿಚ್ಚಿ ಉದ್ದ ವೈರು ಹಚ್ಚಿದ. ಕೆಸರು ಸಿಕ್ಕದಂತೆ ಪೈಪಿನ ಬಾಯಿಗೆ ತನ್ನ ಕರವಸ್ತ್ರ ಕಟ್ಟಿ ಕುಣಿಗೆ ಬಿಟ್ಟ. ಬಕೀಟಿನವರು ಬಾಚಿ ಹಾಕಿದ ಮೇಲೆ ಉಳಿದ ನೀರನ್ನು ಪಂಪು ಗುರುಗುಡುತ್ತ ಹೀರಿತು. ಕುಣಿಯ ತಳ ಕಂಡಿತು.

"ನೋಡಿದ್ಯಾ? ಆತಲ್ಲ!" ಎಂದ ಮಹಾದೇವಪ್ಪ. "ದೇವಿಂದ್ರ, ಚಿಕ್ಕಪ್ಪನ್ನ ತರಾಕ ಹೇಳು."

"ಒಂದ್ ಸ್ವಲ್ಪ ತಡೀರಿ," ಎಂದಳು ಭೀಮಾಬಾಯಿ. "ಉಸ್ಮಾನಸಾಬ, ಪಂಪು ಬಂದ್ ಮಾಡ್ರಿ."

ಬಂದ್ ಮಾಡಿದ. ಎಲ್ಲರೂ ಬಗ್ಗಿ ನೋಡಿದರು. ಗೋಡೆಯ ಬುಡದಿಂದ ನೀರು ಸದ್ದಿಲ್ಲದೆ ಒಸರಿತು, ಮೂಲೆಯಲ್ಲಿ ಕೂಡಿತು, ಸ್ವಲ್ಪ ಹೊತ್ತಿನಲ್ಲೇ ತಳ ಮುಚ್ಚಿತು.

"ಇದರಾಗ ಅವ್ರನ್ನ ಕುಂದ್ರಸಲ್ರಿ ನಾ," ಎಂದಳು. "ಕಾಲುವಿ ಮ್ಯಾಲ ನಮ್ಮ ಮರಡಿ ದಿಬ್ಬ ಅದ. ಅಲ್ಲಿಗಿ ಒಯ್ಯೂಣು."

"ಆ ಕಲ್ಲಾಗ? ನೀರು ಸೈತ ಏರದ ಹಾಳು ನೆಲ ಅದು!" ಮಹಾದೇವಪ್ಪನ ದನಿ ಏರಿತು. "ಅಪ್ಪ ಅವ್ವನ ಬಾಜು ಬಿಟ್ಟು ಒಬ್ಬಂವನ್ನ ಅಲ್ಲಿ ಇಡ್ತಿ? ನಾಳಿ ನಾನೂ ಇಲ್ಲೇ ಬರಾಂವ. ಏನಾಗ್ಯಾದ ಈ ನೆಲಕ್ಕ? ಇಷ್ಟು ವರ್ಷ ಅಪ್ಪ ಇಲ್ಲೇ ಆರಾಮ…"

ಮಾತು ಅಲ್ಲಿಗೇ ನಿಂತಿತು. ಅಪ್ಪನ ಗದ್ದುಗೆ ಕುಣಿಯಿಂದ ಒಂದು ಮಾರು ದೂರದಲ್ಲಿತ್ತು. ನಿಂತವರೆಲ್ಲ ಒಮ್ಮೆ ಅತ್ತ ನೋಡಿ, ನೋಡಬಾರದ್ದನ್ನು ನೋಡಿದವರಂತೆ ಮುಖ ತಿರುಗಿಸಿದರು.

"ಹಂಗಾರ ಅಪ್ಪನೂ ನೀರಾಗೇ ಕುಂತಾನೇನು?" ಎಂದ ಮಹಾದೇವಪ್ಪ ಮೆಲ್ಲಗೆ.

ಭೀಮಾಬಾಯಿ ಬದುವಿನ ಮೇಲಿದ್ದ ಹಾರಿ ಎತ್ತಿದಳು. ಹೊತ್ತು ಕಾಯುವುದಿಲ್ಲ.

"ದೇವಿಂದ್ರ, ಹಾರಿ ತಗೊಂಡು ಮ್ಯಾಲ ನಡಿಯಪ್ಪ."

ಅವನು ಅಪ್ಪನ ಮುಖ ನೋಡಿದ. ಮಹಾದೇವಪ್ಪ ಕೈಯಾಡಿಸಿ ಹೋಗೆಂದ.

* * *

ಮರಡಿ ಸುಮ್ಮನೆ ಬಗ್ಗುವ ನೆಲವಲ್ಲ. ಹಾರಿ ಹಾಕಿದಲ್ಲೆಲ್ಲ ಕಲ್ಲು ಖಣ್ ಎನ್ನುತ್ತಿತ್ತು. ಗಂಡಸರು ಪಾಳಿಯ ಮೇಲೆ ಇಳಿದರು, ಬೆವತರು, ಬೈದರು. ಭೀಮಾಬಾಯಿ ಒಮ್ಮೆ ಕುಣಿ ನೋಡುವಳು, ಒಮ್ಮೆ ಸೂರ್ಯನನ್ನು ನೋಡುವಳು. ಕಲ್ಲು ಗೆದ್ದರೆ ಮತ್ತೆ ಕೆಳಗೇ ಒಯ್ಯಬೇಕು. ಇನ್ನೊಂದು ಮೊಳ ಶಿವನೇ, ಇನ್ನೊಂದೇ ಮೊಳ ಎಂದು ಒಳಗೊಳಗೇ ಬೇಡಿದಳು.

ಕುಣಿ ಎದೆಮಟ್ಟ ದಾಟಿದಾಗ ಬಿಸಿಲು ಹಳದಿಗೆ ತಿರುಗಿತ್ತು.

"ತಳದ ಮಣ್ಣು ಒಂದ್ ಮುಟಗಿ ಕೊಡು," ಎಂದಳು.

ದೇವಿಂದ್ರ ಕೊಟ್ಟ. ಮುಷ್ಟಿ ಬಿಗಿದು ಬಿಟ್ಟಳು. ಮಣ್ಣು ಉಂಡೆ ಕಟ್ಟಲಿಲ್ಲ, ಪುಡಿಪುಡಿಯಾಗಿ ಉದುರಿಹೋಯಿತು. ಬೆಳಗಿನಿಂದ ಕಟ್ಟಿಟ್ಟಿದ್ದ ಅಳು ಆಗ ಬಂತು.

ಶಾಂತಪ್ಪನನ್ನು ತಂದು ಕೂರಿಸಿದರು. ಅಯ್ಯನವರು ವಿಭೂತಿ ಇಟ್ಟು, ಬಿಲ್ವಪತ್ರೆ ಏರಿಸಿ ಮಂತ್ರ ಹೇಳಿದರು. ಮಹಾದೇವಪ್ಪನೂ ಬಂದು ಮಣ್ಣು ಹಾಕಿದ. ಜನ ಚದುರುವಾಗ ಮಾತ್ರ ಅವನು ಅಲ್ಲಿರಲಿಲ್ಲ.

ಕಾಲುವೆಯ ಸೇತುವೆ ದಾಟಿ ಇಳಿಯುವಾಗ ಭೀಮಾಬಾಯಿಗೆ ಆ ಗುರುಗುರು ಸದ್ದು ಕೇಳಿಸಿತು. ಮಹಾದೇವಪ್ಪ ಖಾಲಿ ಕುಣಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಪೈಪನ್ನು ತಳಕ್ಕೆ ಹಿಡಿದಿದ್ದ. ಉಸ್ಮಾನಸಾಬ ಗಾಡಿಯ ಬಾಗಿಲಲ್ಲಿ ನಿಂತಿದ್ದ.

"ಬ್ಯಾಟರಿ ಇಳಿಯಾಕತ್ತದ್ರಿ ಅಣ್ಣಾರ. ಇದು ಮುಗಿಯೂ ನೀರಲ್ಲ."

"ಅಪ್ಪನ ಕುಣಿ ನೀರೂ ಇದಕ್ಕೇ ಬರ್ತದಲ್ಲ," ಎಂದ ಮಹಾದೇವಪ್ಪ ತಿರುಗದೆ. "ಇಲ್ಲಿ ತಗದ್ರ ಅಲ್ಲೀದೂ ಇಳೀತದ."

ಪೈಪಿನ ಇನ್ನೊಂದು ತುದಿ ಅವರದೇ ಗದ್ದೆಗೆ ಬಿದ್ದು ಅಲ್ಲೇ ಸುರಿಯುತ್ತಿತ್ತು, ಸುರಿದದ್ದು ಮತ್ತೆ ಕುಣಿಗೇ ಬಸಿಯುತ್ತಿತ್ತು. ಭೀಮಾಬಾಯಿ ಅದನ್ನು ಎತ್ತಿಕೊಂಡು ಬದುವು ದಾಟಿ, ನೀರು ಆಚೆಯ ಹಳ್ಳಕ್ಕೆ ಬೀಳುವಂತೆ ಹಿಡಿದು ನಿಂತಳು.